ಅವಲಕ್ಕಿ ಡಬ್ಬಿಯ ಖಳನಾಯಕ

ಇಂಗ್ಲೆಂಡಿನ ಸೆಲ್ಲಿ ಓಕ್‌ನ ನಮ್ಮ ಬಾಡಿಗೆ ಮನೆಯಲ್ಲಿ ಅರಬ್ ಅಂತ ಇದ್ದವನು ಒಬ್ಬನೇ, ಹಲ್ಲಿನ ಸಿಮೆಂಟಿನ ಮೇಲೆ ಪಿಎಚ್‌ಡಿ ಮಾಡಲು ಜೋರ್ಡಾನ್‌ನಿಂದ ಬಂದಿದ್ದ ನನ್ನ ಗೆಳೆಯ. ಕೆಂಚು ಕೂದಲು, ಹಸಿರು ಕಣ್ಣು, ಪಕ್ಕದಲ್ಲಿ ಕೂತರೂ ಕೇಳಿಸದಷ್ಟು ಮೆಲುದನಿ. ನಾನು ಹುಬ್ಬಳ್ಳಿಯವನು. ದಪ್ಪ ಮೀಸೆ; ದನಿಯ ಸುದ್ದಿಯಂತೂ ಬೇಡವೇ ಬೇಡ.

ಸಿನಿಮಾ ಓದುತ್ತಿದ್ದ ಹುಡುಗಿಯೊಬ್ಬಳು ತನ್ನ ಕಿರುಚಿತ್ರಕ್ಕೆ ಒಬ್ಬ ಅರಬ್ ಬೇಕೆಂದಳು. ಗೆಳೆಯ ಶರ್ಟಿಗೆ ಇಸ್ತ್ರಿ ಹಾಕಿದ. ಶಾಲೆಯ ನಾಟಕದಲ್ಲಿ ಅವನನ್ನು ನೋಡಿದಾಗಿನಿಂದ ಅವನಮ್ಮನಿಗೆ ಮಗ ಪರದೆಯ ಮೇಲೆ ಬರಬೇಕೆಂಬ ಆಸೆಯಂತೆ.

"ಒಂದೇ ಒಂದ್ಸಲ ಅಮ್ಮಂಗೆ ತೋರಿಸ್ಬೇಕು ಕಣೋ," ಅಂದ. ಜೊತೆಗಿರಲೆಂದು ನಾನೂ ಹೋದೆ.

ಹುಡುಗಿಯ ಮೇಜಿನ ಮೇಲೆ ಅರಬರ ಬಗ್ಗೆ ದಪ್ಪದಪ್ಪ ಪುಸ್ತಕಗಳಿದ್ದವು. ಅವನನ್ನು ನೋಡಿ "ಸಾರಿ, ಅಥೆಂಟಿಕ್ ಅನ್ನಿಸ್ತಿಲ್ಲ" ಅಂದವಳೇ ನನ್ನ ಕಡೆ ಬೆರಳು ತೋರಿಸಿದಳು.

"ನಾನು ಇಂಡಿಯನ್ ಕಣಮ್ಮ!"

"ಪರ್ವಾಗಿಲ್ಲ. ನಿಮ್ಮ ಭಾಷೇಲೇ ಏನಾದ್ರೂ ಕೂಗಿ. ಸಬ್‌ಟೈಟಲ್ ಹಾಕ್ತೀವಿ."

ನನಗೆ ನೆತ್ತಿ ಕಾದುಹೋಯಿತು. ಗೆಳೆಯ ಮೊಣಕೈ ಚಿವುಟಿ, "ಒಪ್ಕೋ, ಮಜಾ ಇರುತ್ತೆ," ಎಂದು ಪಿಸುಗುಟ್ಟಿದ.

ಕ್ಯಾಮೆರಾ ಮುಂದೆ ಕಣ್ಣು ಕೆಕ್ಕರಿಸಿ ಗುಡುಗಿದೆ: "ಲೇ! ಅವಲಕ್ಕಿ ಡಬ್ಬಿ ಮುಚ್ಚಳ ಯಾವ್ ತಗದಾನಲೇ? ಇರಿವಿ ಹತ್ಯಾವ ನೋಡಲ್ಲೇ!"

ಪ್ರದರ್ಶನದ ದಿನ ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬಂತು: ನಿಮ್ಮ ನಗರವನ್ನು ಸುಟ್ಟು ಬೂದಿ ಮಾಡುತ್ತೇನೆ. ಇಡೀ ಹಾಲ್ ಉಸಿರು ಬಿಗಿಹಿಡಿಯಿತು. ನಾನು ಕರೆದಿದ್ದ ಧಾರವಾಡದ ಡಾಕ್ಟರಮ್ಮ ಒಬ್ಬರೇ ಬಾಯಿಗೆ ಸೆರಗು ತುರುಕಿಕೊಂಡು ಅಲುಗಾಡುತ್ತಿದ್ದರು. ಪಕ್ಕದವಳು ಪಾಪ, ಅಳುತ್ತಿದ್ದಾರೆಂದು ಟಿಶ್ಯೂ ಕೊಟ್ಟಳು. ಕೊನೆಗೆ ಅರಬ್ ಜಗತ್ತಿನ ತಜ್ಞರೆಂಬ ಪ್ರೊಫೆಸರೊಬ್ಬರು ಎದ್ದು, ಆ ದನಿಯಲ್ಲಿ ಮರುಭೂಮಿಯ ಸಾವಿರ ವರ್ಷದ ಸಿಟ್ಟಿದೆ ಎಂದರು. ಅಯ್ಯೋ ಶಿವನೇ, ಅದು ಹುಬ್ಬಳ್ಳಿಯ ಅಡುಗೆಮನೆಯ ಸಿಟ್ಟು!

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗೆಳೆಯ ಅಮ್ಮನಿಗೆ ವಿಡಿಯೊ ಕಾಲ್ ಹಚ್ಚಿ, ಹಾಲ್‌ನಲ್ಲಿ ಸೆರೆಹಿಡಿದಿದ್ದ ಅದೇ ದೃಶ್ಯ ತೋರಿಸಿದ, ಇರುವೆಯ ಕಥೆಯನ್ನೂ ಹೇಳಿದ. ಆ ತಾಯಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಏನೋ ಕೇಳಿದರು. ಅವನು ಏನೋ ಹೇಳಿದ. ಫೋನ್ ಜೇಬಿಗೆ ಹಾಕಿದ.

"ಏನಂದ್ರೋ?" ಎಂದೆ.

"ಇದ್ರಲ್ಲಿ ನೀನೆಲ್ಲಿದ್ದೀಯಪ್ಪಾ ಅಂದ್ರು."

"ನೀನೇನಂದೆ?"

"ಅವ್ರಿಗೆ ಅರಬ್ ಬೇಕಿತ್ತಮ್ಮ, ಅಂದೆ."