ಮೂವತ್ತು ಸೀಟಿನ ವಿಮಾನಕ್ಕೆ ಕರುಣಾಕರರ ‘ರೈಟ್’

ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸ್ಯಾನ್ ಡಿಯಾಗೊಗೆ ಹೊರಟ ಮೂವತ್ತು ಸೀಟಿನ ಪುಟ್ಟ ವಿಮಾನಕ್ಕೆ ಕರುಣಾಕರ ಶೆಟ್ಟಿಗಾರ್ ಸಾಮಾನು ತುಂಬುತ್ತಿದ್ದಾರೆ. ಒಳಗೆ ಕ್ಯಾಪ್ಟನ್ ಉದಯಶಂಕರ ಎಂಜಿನ್ ಚಾಲೂ ಮಾಡದೆ ಕಾಯುತ್ತಿದ್ದಾರೆ. ವಿಮಾನದ ಮೈಮೇಲೆ ಅಂಗೈಯ ಎರಡು ಏಟು ಬೀಳಬೇಕು, ಆಮೇಲೆಯೇ ಹೊರಡುವುದು.

ಇದು ಯಾವ ನಿಯಮದಲ್ಲೂ ಇಲ್ಲ. ಅಮೆರಿಕಕ್ಕೆ ಬರುವ ಮೊದಲು ಕರುಣಾಕರ ಉಡುಪಿ–ಕಾರ್ಕಳ ಬಸ್ಸಿನ ಕಂಡಕ್ಟರ್. ಬಸ್ಸಿಗೆ ಎರಡು ಬಡಿದು ‘ರೈಟ್’ ಎಂದೇ ವರ್ಷಗಳನ್ನು ಕಳೆದವರು. “ಇಲ್ಲಿ ಮೊದಲನೇ ದಿನ ಕೈ ತನ್ನಷ್ಟಕ್ಕೇ ಬಡಿದುಬಿಟ್ಟಿತು ಮಾರಾಯ್ರೆ. ಎಂತದೋ ತಾಗಿತು ಅಂತ ಈ ಕ್ಯಾಪ್ಟನ್ ಕೆಳಗಿಳಿದು ಬಂದ್ರು. ಕೆಲಸ ಹೋಯ್ತು ಅಂತಲೇ ಎಣಿಸಿದ್ದೆ.” ಬೆಂಗಳೂರಿನವರಾದ ಉದಯಶಂಕರ ವಿಷಯ ತಿಳಿದು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಂದಿನಿಂದ ಆ ಏಟು ಅವರಿಗೆ ಅಭ್ಯಾಸವಾಗಿಬಿಟ್ಟಿದೆ.

ಈ ವರ್ಷ, ೧೯೯೭ರಲ್ಲಿ, ಕೆಲಸ ನಿಜಕ್ಕೂ ಹೋಗುವುದರಲ್ಲಿತ್ತು. ಇವರಿಬ್ಬರದೂ ದೊಡ್ಡ ಕಂಪನಿಯೊಂದರ ಹೆಸರಿನಲ್ಲಿ ಹಾರುವ ಸಣ್ಣ ಕಂಪನಿ. ಇಂತಿಷ್ಟು ಸೀಟಿಗಿಂತ ದೊಡ್ಡ ವಿಮಾನ ಸಣ್ಣವರ ಕೈಗೆ ಕೊಡಕೂಡದು ಎಂದು ದೊಡ್ಡ ಕಂಪನಿಯ ಪೈಲಟ್‌ಗಳ ಒಪ್ಪಂದದಲ್ಲಿದೆ. ಆ ಮಿತಿ ಸಡಿಲಿಸುವ ಮಾತು ಎದ್ದಿತು. ಸಡಿಲಿಸಿದರೆ ಈ ಪುಟ್ಟ ವಿಮಾನಗಳ ಜಾಗಕ್ಕೆ ದೊಡ್ಡ ಜೆಟ್ ಬರುತ್ತದೆ. ಜೆಟ್ ನಿಲ್ಲುವುದು ದೊಡ್ಡ ಟರ್ಮಿನಲ್‌ನಲ್ಲಿ, ಅಲ್ಲಿ ಸಾಮಾನು ತುಂಬುವವರೇ ಬೇರೆ. ಲಾಂಗ್ ಬೀಚ್‌ನ ಬಾಡಿಗೆ ಮನೆಯಲ್ಲಿ ಪತ್ನಿ ವಾರಿಜಾ ಜೆಟ್ ಬಾರದಿರಲೆಂದು ಹರಕೆ ಹೊತ್ತರು. ಜೆಟ್ ಹಾರಿಸುವ ಕನಸಿದ್ದ ಉದಯಶಂಕರರೂ ಹರಕೆ ಹೊತ್ತಿದ್ದರು, ಬೇಡಿದ್ದು ಮಾತ್ರ ತದ್ವಿರುದ್ಧ.

ದೊಡ್ಡ ಕಂಪನಿಯ ಪೈಲಟ್‌ಗಳು ಪಟ್ಟು ಬಿಡಲಿಲ್ಲ. ಮಿತಿ ಹಾಗೇ ಉಳಿಯಿತು.

“ಆ ಪುಣ್ಯಾತ್ಮರ ಮುಖ ನಾನು ನೋಡ್ಲಿಲ್ಲ. ಅವರು ಕಾಪಾಡಿದ್ದು ಅವರ ಕೆಲಸ, ಉಳಿದದ್ದು ನನ್ನ ಅನ್ನ,” ಎನ್ನುವಾಗ ಕರುಣಾಕರರ ಕಣ್ಣು ತುಂಬುತ್ತದೆ. ಆದರೆ ಸುದ್ದಿ ಬಂದ ದಿನ ಉದಯಶಂಕರರ ಎದುರು ನಿಲ್ಲಲು ಅವರಿಗೆ ಧೈರ್ಯವಾಗಲಿಲ್ಲವಂತೆ. ಕ್ಯಾಪ್ಟನ್ನೇ ಬಂದು ಹೆಗಲ ಮೇಲೆ ಕೈಯಿಟ್ಟರು: “ನಿಮ್ಮ ಕೆಲ್ಸ ಉಳೀತಲ್ಲ, ಅಷ್ಟು ಸಾಕು. ನಾನು ದೊಡ್ಡ ಕಂಪನಿಗೇ ಅಪ್ಲೈ ಮಾಡ್ತೀನಿ ಬಿಡಿ.”

ಅಲ್ಲಿ ಅವರಿಗೆ ಕೆಲಸ ಸಿಕ್ಕಿದೆ. ಈ ಪುಟ್ಟ ವಿಮಾನದಲ್ಲಿ ಇಂದೇ ಅವರ ಕೊನೆಯ ಹಾರಾಟ. ವಾರಿಜಾ ಕಟ್ಟಿಕೊಟ್ಟ ಪತ್ರೊಡೆ ಆಗಲೇ ಕ್ಯಾಪ್ಟನ್ ಕೈ ಸೇರಿದೆ. ಕರುಣಾಕರ ಸಾಮಾನಿನ ಬಾಗಿಲು ಮುಚ್ಚಿ ಬಡಿಯುತ್ತಾರೆ, ಒಂದು, ಎರಡು. ಆಮೇಲೂ ಅಂಗೈ ತೆಗೆಯಲು ಮನಸ್ಸಾಗದೆ ಒಂದು ಕ್ಷಣ ಅಲ್ಲೇ ನಿಲ್ಲುತ್ತಾರೆ.

ವಿಮಾನ ಏರಿ ಸಮುದ್ರದ ಕಡೆ ತಿರುಗುವ ತನಕ ನೋಡಿ ಹೇಳುತ್ತಾರೆ: “ಇನ್ನು ಅವರದ್ದು ದೊಡ್ಡ ವಿಮಾನ. ಅದರ ಹೊಟ್ಟೆಗೆ ನನ್ನ ಕೈ ಎಟುಕುದಿಲ್ಲ. ಅಲ್ಲಿಯೂ ಯಾರಾದ್ರೂ ಅವರಿಗೆ ರೈಟ್ ಹೇಳ್ಲಿ.”