ಅಫ್ಕಾರಕ್ಕನ ಕುದುರೆ ಪುಡಿ

ಮನ್ಸೂರಾ ಪಟ್ಟಣದ ನಮ್ಮ ಕಟ್ಟಡದಲ್ಲಿ ಅಫ್ಕಾರಕ್ಕನಿಗೆ ಗೊತ್ತಿಲ್ಲದ ಕಾಯಿಲೆಯಿಲ್ಲ, ಅವಳ ಬಳಿ ಪುಡಿಯಿಲ್ಲದ ಕಾಯಿಲೆಯೂ ಇಲ್ಲ. ಗಂಡ ತೀರಿಕೊಂಡ ಮೇಲೆ ಸೋಂಪು, ಮೆಂತ್ಯ ಮಾರಿ ಮಗಳನ್ನು ಓದಿಸಿದವಳು. ಆ ದಿನಗಳ ಬಗ್ಗೆ ನನಗೆ ಗೌರವವಿದೆ. ಆಮೇಲೆ ಜಿಗಿಯುವ ಕುದುರೆಯ ಚಿತ್ರದ ಪುಡಿ ಡಬ್ಬಿಗಳು ಬಂದವು. ಸುಸ್ತಿಗೂ ಅದೇ, ಬೊಜ್ಜಿಗೂ ಅದೇ, ಗಂಡನ ಸೋಮಾರಿತನಕ್ಕೂ ಅದೇ. ಬೆಲೆ ಹೇಳುವಾಗ ಅದು ಔಷಧಿ. ಪರವಾನಗಿ ಎಲ್ಲಿ ಎಂದರೆ ಥಟ್ಟನೆ ಆಹಾರವಾಗಿಬಿಡುತ್ತದೆ.

ನನ್ನ ಮಗಳು ತಸ್ನೀಮ್ ಹುಟ್ಟಿದ ಏಳನೆಯ ದಿನದ ಸಂಭ್ರಮಕ್ಕೆ ಮುಗಾತ್ ಕಾಯಿಸುವ ಹೊಣೆಯನ್ನು ಅವಳೇ ಹೊತ್ತಳು. ಬೇರಿನ ಪುಡಿಯನ್ನು ತುಪ್ಪದಲ್ಲಿ ಹುರಿದು ಮಾಡುವ ಆ ಬಿಸಿ ಪಾನೀಯ ಬಾಣಂತಿಗೆ ಮೊದಲು, ನೆಂಟರಿಗೆ ಆಮೇಲೆ. ನಾನೊಂದು ಲೋಟ ಮುಗಿಸಿದೆ. ಅತ್ತೆ ಪದ್ಧತಿಯಂತೆ ಮಗುವಿನ ಕಿವಿಯ ಬಳಿ ಹಿತ್ತಾಳೆ ಕುಟ್ಟಾಣಿ ಬಡಿಯುತ್ತ, "ಅಮ್ಮನ ಮಾತು ಕೇಳು, ಅಜ್ಜಿ ಮಾತು ಇನ್ನೂ ಜಾಸ್ತಿ ಕೇಳು" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಕುಟ್ಟಾಣಿಗಿಂತ ಜೋರಾಗಿ ನನ್ನ ಎದೆ ಬಡಿಯತೊಡಗಿತು. ಅಷ್ಟರಲ್ಲಿ ತಸ್ನೀಮ್ ಹಸಿದು ಅತ್ತಳು.

"ಅಕ್ಕಾ, ಇದಕ್ಕೆ ಏನ್ ಹಾಕಿದ್ರಿ?"

"ಒಂಚೂರು ಕುದುರೆ ಪುಡಿ ಕಣೇ. ಬಾಣಂತಿಗೆ ಶಕ್ತಿ ಬೇಡ್ವಾ? ಗಿಡಮೂಲಿಕೆ, ದೇವ್ರು ಬೆಳೆಸಿದ್ದು!"

"ಹಾವನ್ನ ಮಾಡಿದ್ದೂ ದೇವ್ರೇ ಅಲ್ವಾ?"

ಡಬ್ಬಿ ತರಿಸಿ ನೋಡಿದೆ. ಕುದುರೆಯ ಗೊರಸಿನ ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ 'ಎಫೆಡ್ರಾ' ಎಂದಿತ್ತು. ಡಾಕ್ಟರಿಗೆ ಫೋನ್ ಮಾಡಿದೆ.

"ಅದು ಎದೆಬಡಿತ ಏರಿಸೋ ಗಿಡಮ್ಮ. ಹಾಲಿಗೂ ಇಳಿಯುತ್ತೆ. ನಾನು ಹೇಳೋವರೆಗೂ ಮಗುಗೆ ಎದೆಹಾಲು ಬೇಡ, ಹಿಂಡಿ ಚೆಲ್ಲು. ನಿಂಗೆ ಎದೆ ನೋವು ಬಂದ್ರೆ ತಕ್ಷಣ ಆಸ್ಪತ್ರೆಗೆ ಬಾ."

ಇದನ್ನು ಕೇಳಿದ ಅತ್ತೆ ಇನ್ನೊಂದು ಲೋಟ ತುಂಬಿಸಿ ಅಫ್ಕಾರಕ್ಕನ ಮುಂದೆ ಹಿಡಿದರು. "ಕುಡಿಯಮ್ಮಾ, ನೋಡೋಣ."

"ಅಯ್ಯಯ್ಯೋ, ನಂಗ್ ಬೇಡಪ್ಪ! ಬಿಪಿ ಇದೆ. ಇಂಥದ್ದೆಲ್ಲ ಮುಟ್ಲೇಬೇಡ ಅಂದಿದ್ದಾರೆ ಡಾಕ್ಟ್ರು."

ಅತ್ತೆ ನೆಂಟರಿಗೆಂದು ಇಟ್ಟಿದ್ದ ಇಡೀ ಪಾತ್ರೆಯನ್ನು ಎತ್ತಿ ಮೋರಿಗೆ ಸುರಿದರು. ನನ್ನ ಗಂಡ ಡಬ್ಬಿಹಾಲು ತರಲು ಓಡಿದ. ತಸ್ನೀಮ್ ರಬ್ಬರ್ ತೊಟ್ಟನ್ನು ಉಗುಳಿ ಉಗುಳಿ ನನ್ನ ಎದೆಯನ್ನೇ ಹುಡುಕಿದಳು, ಕೊನೆಗೆ ಸೋತು ಕುಡಿದಳು. ಅವಳು ಕುಡಿದಳೆಂದು ಸಮಾಧಾನ, ಅದನ್ನೂ ಕುಡಿದುಬಿಟ್ಟಳಲ್ಲಾ ಎಂದು ಸಂಕಟ.

ನಾನು ಬಚ್ಚಲಲ್ಲಿ ನಿಂತು ಅವಳ ಪಾಲಿನ ಹಾಲನ್ನು ಹಿಂಡಿ ಚೆಲ್ಲುತ್ತಿದ್ದೆ. ಬಾಗಿಲಾಚೆ ಅಫ್ಕಾರಕ್ಕ ನೆಂಟರಿಗೆ ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು:

"ನೋಡಿದ್ರಾ? ಬರೀ ಒಂದು ಲೋಟ! ಚೆಲ್ಲೋವಷ್ಟು ಹಾಲು ಬಂದಿದೆ!"