ಬೀಗದಕ್ಕನ ಅಂಗಡಿಯ ಮೂರನೆಯ ಕೀಲಿಕೈ

ಎರಡು ಬೀದಿಗಳು ಕೂಡುವ ಮೂಲೆಯಲ್ಲಿ, ಫೋಟೋ ಸ್ಟುಡಿಯೊದ ಪಕ್ಕೆಗೆ ಒತ್ತಿಕೊಂಡಂತೆ ಒಂದು ಇಕ್ಕಟ್ಟಾದ ಅಂಗಡಿಯಿತ್ತು. ಅಲ್ಲಿ ಬೀಗ ರಿಪೇರಿ ಮಾಡುತ್ತಿದ್ದವಳನ್ನು ಬೀದಿಯವರೆಲ್ಲ ಬೀಗದಕ್ಕ ಎಂದೇ ಕರೆಯುತ್ತಿದ್ದರು. ಕೋಪ ಬಂದಾಗ ಅವಳ ಗಂಡನೂ ಹಾಗೆಯೇ ಕರೆಯುತ್ತಿದ್ದ. ಅಪ್ಪನಿಂದ ಕಲಿತ ವಿದ್ಯೆ ಅದು. ಅರ ಹಿಡಿದು ಕೀಲಿಕೈಯ ಹಲ್ಲು ತಿಕ್ಕಲು ಕುಳಿತರೆ ಅವಳ ತುಟಿ ಒಂದು ಪಕ್ಕಕ್ಕೆ ಸೊಟ್ಟಗಾಗುತ್ತಿತ್ತು. ಕೀಲಿಕೈ ಬೀಗದಲ್ಲಿ ಸಲೀಸಾಗಿ ತಿರುಗಿದ ಮೇಲೆಯೇ ಅದು ನೆಟ್ಟಗಾಗುವುದು. ಕೆಲಸ ಮುಗಿಯಿತೇ ಎಂದು ಗಿರಾಕಿಗಳು ಬಾಯಿಬಿಟ್ಟು ಕೇಳುತ್ತಲೇ ಇರಲಿಲ್ಲ, ತುಟಿಯನ್ನು ನೋಡಿಕೊಂಡು ಸುಮ್ಮನೆ ಕಾಯುತ್ತಿದ್ದರು.

ಕೆಳಗೆ ಅಂಗಡಿ, ಮೇಲೆ ಒಂದು ಕೋಣೆ ಮತ್ತು ಅಡುಗೆಮನೆ. ಬಸ್ ಡ್ರೈವರ್ ಆಗಿದ್ದ ಗಂಡ ಬೆಳಗ್ಗೆ ಎದ್ದು ಹೋದರೆ, ಅವಳು ಕಬ್ಬಿಣದ ಶಟರನ್ನು ಮೊಣಕಾಲು ಕೊಟ್ಟು ಎತ್ತಿ ಅಂಗಡಿ ತೆರೆಯುವಳು. ಆ ಶಟರು ಅರ್ಧಕ್ಕೆ ಬಂದು ಒಮ್ಮೆ ತಡೆಯುತ್ತಿತ್ತು. ಎಡಗಡೆ ಒಂದು ಗುದ್ದು ಗುದ್ದಿದರೆ ಮುಂದಕ್ಕೆ ಏರುತ್ತಿತ್ತು. ಊರಿನ ಬೀಗಗಳನ್ನೆಲ್ಲ ಸರಿಮಾಡುವವಳ ಬಾಗಿಲಿಗೇ ಗುದ್ದು ಬೇಕಲ್ಲ ಎಂದು ಸ್ಟುಡಿಯೊದವನು ದಿನವೂ ರೇಗಿಸುತ್ತಿದ್ದ.

ಕಟ್ಟಡದ ಯಜಮಾನರು ಮೊದಲು ಅದೇ ಜಾಗದಲ್ಲಿ ಔಷಧಿ ಅಂಗಡಿ ಇಟ್ಟಿದ್ದವರು. ಹೆಂಡತಿ ತೀರಿಕೊಂಡ ಮೇಲೆ ವ್ಯಾಪಾರ ಬಿಟ್ಟು ಬೀಗದಕ್ಕನಿಗೆ ಬಾಡಿಗೆಗೆ ಕೊಟ್ಟಿದ್ದರು. ಒಂದು ದಿನ ಬಂದು ಸ್ಟೂಲಿನ ಮೇಲೆ ಕುಳಿತು ಹೇಳಿದರು: "ನೋಡಮ್ಮಾ, ಮಗಳ ಮನೆ ಹತ್ರಾನೇ ಒಂದು ಪುಟ್ಟ ಮನೆ ನೋಡಿದೀನಿ. ತಿಂಗಳ ಕೊನೇಲಿ ಹಣ ಕಟ್ಬೇಕು. ಇದನ್ನ ಮಾರ್ತಿದೀನಿ. ಸ್ಟುಡಿಯೊದವನು ಗೋಡೆ ಒಡೆದು ಸೇರಿಸ್ಕೋತೀನಿ ಅಂತಿದಾನೆ. ಆದ್ರೂ ಮೊದಲು ನಿನ್ನನ್ನ ಕೇಳೋದು ನ್ಯಾಯ."

ಅವಳು ಅರವನ್ನು ಕೆಳಗಿಟ್ಟಳು. ಅಂದು ಸಂಜೆ ಗಂಡ ಹೆಂಡತಿ ಕೂಡಿಸಿ ಕಳೆದು ನೋಡಿದರು. ಇದ್ದ ಉಳಿತಾಯ ಮುಂಗಡಕ್ಕೆ ಸಾಲುತ್ತಿತ್ತು, ಉಳಿದದ್ದಕ್ಕೆ ಬ್ಯಾಂಕು ಒಪ್ಪಿತು. ಕಾಗದಪತ್ರ ನೋಡಲು ಬೀದಿಯ ಕೊನೆಯ ವಕೀಲೆಯನ್ನು ಗೊತ್ತುಮಾಡಿದರು. ಅವರು ನೋಂದಣಿ ಕಚೇರಿಗೆ ಹೋಗಿ ಬಂದು ಇಬ್ಬರನ್ನೂ ಕರೆಸಿದರು.

"ಕಟ್ಟಡದ ಮೇಲೆ ಒಂದು ಋಣಭಾರ ಇದೆ," ಎಂದರು.

ಬೀಗದಕ್ಕ ಮುಂದಕ್ಕೆ ಬಾಗಿದಳು. "ಯಾರದು ಮೇಡಂ?"

"ಶಟರ್ ಮಾಡಿದವರದು. ಶಟರು, ಮೆಟ್ಟಿಲ ಕಂಬಿ ಎಲ್ಲ ಮಾಡಿಕೊಟ್ರಂತೆ, ಅರ್ಧ ಹಣ ನಿಂತುಹೋಯ್ತಂತೆ. ಆಗ ಕಟ್ಟಡದ ಮೇಲೇ ಹಕ್ಕು ಬರೆಸಿದಾರೆ."

"ಸಾಲ ಮಾಡಿದ್ದು ಯಜಮಾನರು ತಾನೆ? ಅವರನ್ನ ಕೇಳ್ಲಿ. ನಾವು ಕೊಂಡ ಮೇಲೆ ನಮಗೇನು?" ಎಂದ ಗಂಡ.

"ಅಲ್ಲೇ ಇರೋದು ವಿಷಯ. ಇದು ಮನುಷ್ಯನಿಗೆ ಅಂಟಿಕೊಳ್ಳಲ್ಲ, ಕಟ್ಟಡಕ್ಕೆ ಅಂಟಿಕೊಳ್ಳುತ್ತೆ. ಯಜಮಾನರು ಬದಲಾದ್ರೂ ಭಾರ ಅಲ್ಲೇ ಕೂತಿರುತ್ತೆ. ನಾಳೆ ನೀವು ಕೊಂಡ್ರೆ ನಿಮ್ಮ ತಲೆಗೆ ಬರುತ್ತೆ."

"ಎಷ್ಟು ದಿನ ಕೂತಿರುತ್ತೆ?" ಎಂದಳು ಬೀಗದಕ್ಕ.

"ಒಂದೊಂದಕ್ಕೆ ಒಂದೊಂದು ಆಯಸ್ಸು. ಬರೆಸಿ ಸುಮ್ಮನೆ ಕೂತಿದ್ರೆ ವರ್ಷದೊಳಗೆ ತಾನಾಗೇ ಬಿದ್ದುಹೋಗ್ತಿತ್ತು. ಆದ್ರೆ ಇವರು ಬಿಡಲಿಲ್ಲ, ಕೋರ್ಟಿಗೆ ಹೋಗಿ ತೀರ್ಪು ತಗೊಂಡಿದಾರೆ. ತೀರ್ಪಾದದ್ದಕ್ಕೆ ಹನ್ನೆರಡು ವರ್ಷ ಆಯಸ್ಸು. ಇನ್ನೂ ಎರಡು ಬಾಕಿ. ಬೇಕು ಅಂದ್ರೆ ಅಷ್ಟರಲ್ಲಿ ಮತ್ತೆ ಅರ್ಜಿ ಹಾಕಿ ಮುಂದುವರಿಸಬಹುದು."

"ಹಣ ಕೊಟ್ಟಾಗಿದ್ರೆ?"

"ಕೊಟ್ಟ ಮಾತ್ರಕ್ಕೆ ಹೋಗಲ್ಲಮ್ಮ. ಪಡೆದವರು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು, ಅದು ಕಚೇರಿಯಲ್ಲಿ ದಾಖಲಾಗಬೇಕು. ಅಲ್ಲೀವರೆಗೆ ಬ್ಯಾಂಕು ನಿಮಗೆ ಒಂದು ಕಾಸೂ ಕೊಡಲ್ಲ."

ಹೊರಗೆ ಬಂದ ಮೇಲೆ ಗಂಡ, "ಎರಡು ವರ್ಷ ಕಾಯೋಣ ಅಂದ್ರೆ ಯಜಮಾನರು ಎರಡು ವಾರ ಕಾಯೋ ಹಾಗಿಲ್ಲ. ಸ್ಟುಡಿಯೊದವನು ಕೈಯಲ್ಲಿ ಹಣ ಇಟ್ಕೊಂಡು ಕೂತಿದಾನೆ, ಭಾರ ಇದ್ರೂ ಬೆಲೆ ಇಳಿಸಿ ತಗೋತಾನೆ," ಎಂದು ನಿಟ್ಟುಸಿರಿಟ್ಟ. ಅವಳ ತುಟಿ ಆಗಲೇ ಸೊಟ್ಟಗಾಗಿತ್ತು.

ಯಜಮಾನರಿಗೆ ವಿಷಯ ತಿಳಿಸಿದರೆ ಅವರು ಕೆಂಡಾಮಂಡಲವಾದರು. "ಕೊಟ್ಟಾಗಿದೆ! ಆ ಮನುಷ್ಯನಿಗೂ ನನಗೂ ಮಾತಿರಲಿಲ್ಲ. ಶಟರು ತಡೆಯುತ್ತೆ ಅಂದ್ರೆ ನಿನಗೆ ಎತ್ತಕ್ಕೆ ಬರಲ್ಲ ಅಂದ. ತೀರ್ಪು ಬಂದ ಮೇಲೆ ನಮ್ಮವಳೇ ಹಣ ತಗೊಂಡು ಹೋಗಿ ಕೊಟ್ಟು ಬಂದ್ಲು. ರಸೀದಿ ತರಲಿಲ್ಲ. ಕೊಟ್ಟ ಮೇಲೆ ಮುಗೀತು ಅಂತ ನಾನೂ ಸುಮ್ಮನಾದೆ. ಈಗ ಅವಳೂ ಇಲ್ಲ. ಇನ್ನೊಂದು ಸಲ ಕೊಡು ಅಂದ್ರೆ ಮಾತ್ರ ಸತ್ರೂ ಕೊಡಲ್ಲ."

ಉಳಿದದ್ದು ಒಂದೇ ದಾರಿ. ಮರುದಿನ ಬೀಗದಕ್ಕ ಊರಂಚಿನ ಶಟರ್ ಕಾರ್ಖಾನೆಗೆ ಹೋದಳು. ಒಳಗೆ ಸುಟ್ಟ ಕಬ್ಬಿಣದ ವಾಸನೆ, ಗೋಡೆಗೆ ಒರಗಿಸಿದ ಪಟ್ಟಿಗಳು, ಮೊಳೆಯೊಂದಕ್ಕೆ ನೇತುಹಾಕಿದ ಮರದ ಹಿಡಿಯ ಹಳೆಯ ನೀಲಿ ಕೊಡೆ. ಕೆಲಸವನ್ನೆಲ್ಲ ಮಗ ನೋಡಿಕೊಳ್ಳುತ್ತಿದ್ದ. ಆ ಶಟರು ಮಾಡಿಕೊಟ್ಟಿದ್ದ ಅಜ್ಜ ಮೂಲೆಯ ಕುರ್ಚಿಯಲ್ಲಿ ಕುಳಿತು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಿದ್ದರು.

ಔಷಧಿ ಯಜಮಾನರ ಹೆಸರೆತ್ತಿದ್ದೇ ತಡ, ಅಜ್ಜನ ಮೂಗಿನ ತುದಿ ಕೆಂಪಾಯಿತು. "ಅವನಾ? ನನ್ನ ಶಟರನ್ನ ಡಬ್ಬಾ ಅಂದವನು. ಕೋರ್ಟು ಮೆಟ್ಟಿಲು ಹತ್ತಿಸಿದೆ. ಗೆದ್ದೆ. ಹಣ ಮಾತ್ರ ಕೊಡಲಿಲ್ಲ."

"ಅವರ ಯಜಮಾನ್ತಿ ತಂದು ಕೊಟ್ರಂತಲ್ಲ ಅಜ್ಜ?"

"ಸುಳ್ಳು. ನನಗೆ ಜ್ಞಾಪಕ ಇದೆ."

ಅಜ್ಜನಿಗೆ ಜಗಳ ಅಕ್ಷರಶಃ ಜ್ಞಾಪಕವಿತ್ತು. ಯಾವ ಸಾಲಿನಲ್ಲಿ ಕುಳಿತಿದ್ದರು, ವಕೀಲರು ಏನೆಂದರು, ಎಲ್ಲವೂ. ಬೀಗದಕ್ಕನ ಕಣ್ಣು ಅವರ ತಲೆಯ ಹಿಂದಿನ ಹಲಗೆಯ ಮೇಲೆ ಹೋಯಿತು. ಕೊಕ್ಕೆಗಳಿಗೆ ಸಾಲಾಗಿ ಕೀಲಿಕೈಗಳು. ಪ್ರತಿಯೊಂದರ ತಲೆಯ ಅಂಚಿನಲ್ಲಿ ಅರದಿಂದ ಒಂದು ಸಣ್ಣ ಕಚ್ಚು ಹಾಕಿತ್ತು.

"ಇವೇನಜ್ಜ?"

"ಹಣ ಬಾಕಿ ಇರೋರ ಕೀ. ಶಟರಿಗೆ ಮೂರು ಕೀ ಮಾಡ್ತೀನಿ. ಎರಡು ಅವರಿಗೆ. ಕಚ್ಚು ಹಾಕಿದ್ದು ನನ್ನ ಹತ್ರ. ನಾನೇನು ಹೋಗಿ ಬಾಗಿಲು ತೆಗೀತೀನಾ? ಇಲ್ಲ. ಆದ್ರೆ ಒಂದು ಕೀ ನನ್ನ ಹತ್ರ ಇದೆ ಅಂತ ಗೊತ್ತಿದ್ರೆ ಅವರಿಗೆ ನಿದ್ದೆ ಬರಲ್ಲ. ಪೂರ್ತಿ ಹಣ ಬಂದ ದಿನ ಕೀ ಕೈಗೆ ಕೊಡ್ತೀನಿ. ಸ್ವಂತ ಭಾವಮೈದುನನಿಗೂ ಒಂದು ದಿನ ಮೊದಲು ಕೊಟ್ಟವನಲ್ಲ ನಾನು."

"ಕೊಟ್ಟವರಲ್ಲ," ಎಂದ ಮಗ, ಕೆಲಸ ನಿಲ್ಲಿಸದೆ. "ಮಾವ ಇನ್ನೂ ಆಡ್ಕೋತಾರೆ."

ಬೀಗದಕ್ಕನ ತಲೆಯಲ್ಲಿ ಏನೋ ಕಟಕ್ಕೆಂದಿತು. "ನಮ್ಮ ಅಂಗಡಿ ಕೀ ಎಲ್ಲಿದೆ ಅಜ್ಜ?"

ಅಜ್ಜ ಎದ್ದು ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದರು. ಸಿಗಲಿಲ್ಲ. "ಇಲ್ಲೇ ಎಲ್ಲೋ ಇರುತ್ತೆ," ಎಂದರು.

ಅವಳು ಬಂದ ಕಾಲಲ್ಲೇ ತಿರುಗಿದಳು. ಬಸ್ಸಿನಲ್ಲಿ ಕುಳಿತರೂ ಕಾಲು ನಿಲ್ಲಲಿಲ್ಲ. ಅಂಗಡಿಯನ್ನು ಬಾಡಿಗೆಗೆ ಹಿಡಿದ ದಿನ ಯಜಮಾನರು ಕೈಗೆ ಎರಡು ಕೀಲಿಕೈ ಕೊಟ್ಟಿದ್ದರು. ಮೂರನೆಯದೊಂದು ಮೆಟ್ಟಿಲ ಕೆಳಗಿನ ಮೊಳೆಯಲ್ಲಿ ಧೂಳು ಹಿಡಿದು ತೂಗುತ್ತಿತ್ತು. ಅದರ ತಲೆಯ ಅಂಚು ತಿಂದಂತಿತ್ತು. ಯಾರೋ ಅರ ಜಾರಿಸಿದ್ದಾರೆ, ಎಂಥ ಹೊಲಸು ಕೆಲಸ ಎಂದು ಅವಳು ಮೂಗು ಮುರಿದು ಅಲ್ಲೇ ಬಿಟ್ಟಿದ್ದಳು.

ಮೊಳೆಯಲ್ಲಿ ಅದು ಇತ್ತು. ಸೆರಗಿನಿಂದ ಒರೆಸಿದಳು. ಅದೇ ಕಚ್ಚು.

ಈ ಸಲ ಗಂಡನನ್ನೂ ಕರೆದುಕೊಂಡು ಹೋದಳು. ಅಜ್ಜನ ಅಂಗೈಯಲ್ಲಿ ಕೀಲಿಕೈಯಿಟ್ಟು, "ಇದು ಯಾರ ಕೈಕೆಲಸ ಅಜ್ಜ?" ಎಂದಳು.

ಅಜ್ಜ ಕನ್ನಡಕ ಏರಿಸಿ, ಉಗುರಿನಿಂದ ಕಚ್ಚನ್ನು ಸವರಿದರು. "ನಂದೇ. ಎಲ್ಲಿತ್ತು?"

"ನಮ್ಮ ಅಂಗಡೀಲಿ. ಹಣ ಬರದೆ ಇದು ನಿಮ್ಮ ಕೈಬಿಟ್ಟು ಹೇಗೆ ಬಂತು?"

ಕಾರ್ಖಾನೆಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಅಜ್ಜ ಕೀಲಿಕೈಯನ್ನು ಬೆರಳಲ್ಲಿ ತಿರುವಿ ತಿರುವಿ ನೋಡಿದರು. ಆಮೇಲೆ ಕಣ್ಣೆತ್ತಿ ಮೊಳೆಯ ಮೇಲಿನ ನೀಲಿ ಕೊಡೆಯನ್ನು ನೋಡಿದರು.

"ಬಂದಿದ್ರು," ಎಂದರು ಮೆಲ್ಲಗೆ. "ಆ ತಾಯಿ ಬಂದಿದ್ರು. ಇಲ್ಲೇ ಕೂತು ಚಹಾ ಕುಡಿದ್ರು. ನಮ್ಮವರದು ಸ್ವಲ್ಪ ಮುಂಗೋಪ, ನೀವು ಮನಸ್ಸಿಗೆ ಹಚ್ಕೋಬೇಡಿ ಅಂದ್ರು. ಕೀ ತಗೊಂಡು ಕೊಡೆ ಬಿಟ್ಟು ಹೋದ್ರು. ಮಳೆ ನಿಂತಿತ್ತಲ್ಲ." ತಲೆ ಕೊಡವಿದರು. "ಅವರ ಕೊಡೇನ ದಿನಾ ನೋಡ್ತಾ, ಅವನು ಕೊಡಲಿಲ್ಲ ಕೊಡಲಿಲ್ಲ ಅಂತ ಬೈತಾ ಕೂತಿದೀನಲ್ಲ ಮಗಳೇ. ಎಂಥ ಮುದುಕ ನಾನು."

"ಬರೀ ನೋಡಿದ್ದಾ? ಪ್ರತಿ ಮಳೆಗಾಲಾನೂ ಹಿಡ್ಕೊಂಡು ಓಡಾಡಿದಾರೆ," ಎಂದ ಮಗ. ಅಜ್ಜನಿಗೇ ಮೊದಲು ನಗು ಬಂತು.

ಎರಡು ದಿನ ಬಿಟ್ಟು ಅಜ್ಜ ನೋಂದಣಿ ಕಚೇರಿಯಲ್ಲಿ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ವಕೀಲೆ ಮುದ್ರೆಯೊತ್ತಿದ ಪ್ರತಿಯನ್ನು ಎರಡು ಸಲ ಓದಿ, "ಭಾರ ಇಳೀತು," ಎಂದರು. ಹೊರಗಿನ ಬೆಂಚಿನ ಮೇಲೆ ಯಜಮಾನರು ಮುಖ ತಿರುಗಿಸಿಕೊಂಡು ಕುಳಿತಿದ್ದರು. ಅಜ್ಜ ಹೋಗಿ ಕೊಡೆಯನ್ನು ಅವರ ತೊಡೆಯ ಮೇಲಿಟ್ಟರು. ಯಜಮಾನರು ಮರದ ಹಿಡಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಕೊನೆಗೆ, "ಶಟರು ಇನ್ನೂ ತಡೆಯುತ್ತೆ," ಎಂದರು. "ಬಂದು ಸರಿಮಾಡ್ತೀನಿ," ಎಂದರು ಅಜ್ಜ, ಪಕ್ಕದಲ್ಲೇ ಕೂರುತ್ತ.

ಬ್ಯಾಂಕು ಹಣ ಕೊಟ್ಟಿತು. ತಿಂಗಳು ಮುಗಿಯುವ ಮೊದಲೇ ಕ್ರಯಪತ್ರವಾಯಿತು. ಮರುದಿನ ಬೆಳಗ್ಗೆ ಗಂಡ ಕೆಲಸಕ್ಕೆ ತಡವಾಗುತ್ತಿದ್ದರೂ ಬೀದಿಯಲ್ಲೇ ನಿಂತಿದ್ದ. ಬೀಗದಕ್ಕ ಕಚ್ಚು ಹಾಕಿದ ಕೀಲಿಕೈಯಿಂದಲೇ ಬೀಗ ತೆಗೆದು ಶಟರನ್ನು ಎತ್ತಿದಳು. ಅಜ್ಜ ಹಿಂದಿನ ಸಂಜೆಯೇ ಬಂದು ಅದನ್ನು ರಿಪೇರಿ ಮಾಡಿ ಹೋಗಿದ್ದರು. ಅದು ಎಲ್ಲಿಯೂ ತಡೆಯದೆ ಸರ್ರನೆ ಮೇಲಕ್ಕೆ ಹೋಯಿತು. ಗುದ್ದಲು ಎತ್ತಿದ್ದ ಎಡಗೈ ಗಾಳಿಯಲ್ಲೇ ಉಳಿಯಿತು.

"ತುಟಿ ನೆಟ್ಟಗಾಯ್ತು," ಎಂದು ಗಂಡ ಬಸ್ ನಿಲ್ದಾಣದ ಕಡೆ ಹೊರಟ.